ಆರು ಸ್ಟೇಜು

ಮುಂಡರಗಿ ರೂಟಿನ್ಯಾಗ ಹದಿನೇಳು ವರ್ಷ
ನಾ ಕಂಡಕ್ಟರ್.
ದೂರ ಅಂದ್ರ ನನಗ ರೊಕ್ಕ, ಚಿಲ್ಲರ,
ಮಷೀನಿನ ಬಾಯಾಗಿಂದ ಹೊರಬೀಳೋ ಕಾಗದದ ನಾಲಗಿ.
ಎಂಬತ್ತು ಕಿಲೋಮೀಟರು, ಕುದರಿ ಮ್ಯಾಲೆ, ಅಂದಾಗ
ಮನಸಿನ್ಯಾಗ ಮೊದಲು ಟಿಕೇಟು ಹರಿದೆ.

ಕಡ್ಲಿ, ಮೌಲಾಸಾಬನ ಕುದರಿ,
ಹುರಿಗಡಲಿ ಬಣ್ಣದಾಕಿ.
ಬೆಟಗೇರಿಯ ಅರ್ಧ ಮದುಮಕ್ಕಳು
ಆಕಿ ಬೆನ್ನ ಮ್ಯಾಲೆ ಬೆವತು ಕುಂತವರು.
ಪಟಾಕಿಗೆ ಹೆದರೂದಿಲ್ಲ, ಕುಣಿಯೋ ಕುಡುಕರಿಗೆ ಹೆದರೂದಿಲ್ಲ,
ಖಾಲಿ ಪ್ಲಾಸ್ಟಿಕ್ ಚೀಲ ಹಾರಿ ಬಂದ್ರ ಮಾತ್ರ
ಜೀವ ಕೈಯಾಗ.
ಮೊಣಕಾಲು ಹೋದ ಮ್ಯಾಲೆ ಮೌಲಾಸಾಬ ಅಂದಿದ್ದ:
"ಒಮ್ಮೆರ ಆಕಿ ದೂರ ಓಡಬೇಕು, ಫಕ್ಕೀರವ್ವ.
ಮೆರವಣಿಗಿ ನಡಗಿ ನಡದು ನಡದು
ಕಾಲಿಗೆ ನೆಪ್ಪು ಹಾರೈತಿ."

ನಸುಕಿನ್ಯಾಗ ಇಪ್ಪತ್ಮೂರು ಕುದರಿ.
ಕಿವಿ ತುದಿ ಕೂಡಿಸಿದ ಮಾರವಾಡಿ ತಳಿ,
ಮಿಲಿಟರಿ ಗತ್ತಿನ ಎತ್ತರದವು,
ಮಣಿಕಟ್ಟಿನ್ಯಾಗ ನಕಾಶಿ ನೋಡೋ ಹುಡುಗರು.
ನಮ್ಮಾಕಿ ಜೀನಿನ ಅಡಿಯಿಂದ
ಮದುವಿಯ ಕೆಂಪು ಮಖಮಲ್ಲು ಇಣಕತಿತ್ತು.
ನಕ್ಕರು. ನಾನೂ ನಕ್ಕೆ.

ಹದಿನೇಳು ವರ್ಷ ಬಸ್ಸಿನ ಕಿಡಕಿಗೆ
ಕಪ್ಪತಗುಡ್ಡ ಅಂದ್ರ ಒಂದು ನೀಲಿ ಗೆರಿ.
ಅದಕ್ಕೂ ಏರು ಐತಿ, ಇಳುವು ಐತಿ,
ಸಡ್ಲ ಕಲ್ಲು ಐತಿ, ಹುಲ್ಲಿನ ಖಮಂಗ ವಾಸನಿ ಐತಿ
ಅಂತ ತೊಡಿ ಹೇಳಿತು, ಸೊಂಟ ಹೇಳಿತು.
ಗಾಳಿ ಗಿರಣಿಯ ನೆರಳು
ನಮ್ಮನ್ನ ದಾಟೂದು, ಮತ್ತ ದಾಟೂದು,
ಕಡ್ಲಿ ಪ್ರತಿ ನೆರಳಿಗೂ ಒಂದೊಂದು ಹೆಜ್ಜಿ ತಪ್ಪಿಸಿದ್ಲು.
ಎರಿ ಹೊಲದ ದಂಡಿಗೆ ಗೊರಸಿನ್ಯಾಗ ಮಣ್ಣು ಹೊಕ್ಕಿತು.
ಇಳದೆ. ಕೆದರಿದೆ. ಹತ್ತಿದೆ.
ಒಬ್ಬ ಕುರಿಗಾರ ಕೇಳಿದ, "ಲಗ್ನ ಎಲ್ಲಿ?"

ಗೇಟಿಗೊಮ್ಮೆ ಡಾಕ್ಟರು ಎದಿಗೆ ನಳಿ ಹಚ್ಚತಾರ.
ಅರವತ್ನಾಲ್ಕಕ್ಕ ಇಳೀಬೇಕು ಬಡಿತ,
ಇಲ್ಲಾಂದ್ರ ಅಲ್ಲೇ ನಾವು ಇಳೀಬೇಕು.
ಎರಡು ಗೇಟು ದಾಟಿದ್ವಿ.
ಡಂಬಳದಾಗ, ಮೂರನೇದು, ಕಡೇದು:
ಎಪ್ಪತ್ತಾರು.
ಕುತ್ತಿಗಿಗೆ ನೀರು, ಕಾಲಸಂದಿಗೆ ನೀರು,
ಎಪ್ಪತ್ತೊಂದು.
ನಾಕು ನಿಮಿಷ ಐತ್ರಿ, ಅಂದ ಡಾಕ್ಟರು.
ನನ್ನ ಎದಿ ಯಾರೂ ಎಣಿಸಲಿಲ್ಲ, ಪುಣ್ಯಾ.

ಆಗ ರಸ್ತಾದ ಆಚಿ ಮಂಗಲ ಕಾರ್ಯಾಲಯದ ಮುಂದ
ಬ್ಯಾಂಡ್ ಶುರುವಾತು.
ತುತೂರಿ ಹರದು ಹೋಗೋ ಹಂಗ.
ಕಡ್ಲಿ ಕಿವಿ ನೆಟ್ಟಗಾದ್ವು.
ಮುಗೀತು, ಅಂದುಕೊಂಡೆ.
ಆಕಿ ಹಿಂದಿನ ಎಡಗಾಲು ಸಡಿಲ ಬಿಟ್ಲು,
ಕಣ್ಣು ಅರ್ಧ ಮುಚ್ಚಿದ್ಲು.
ಡ್ಯೂಟಿ ಮುಗದಾಂವ ಡೀಪೋದಾಗ ಚಪ್ಪಲಿ ಬಿಟ್ಟಂಗ.
ಐವತ್ತೆಂಟು.
ಡಾಕ್ಟರು ಇನ್ನೊಮ್ಮೆ ಎಣಿಸಿದ. ಐವತ್ತೆಂಟೇ.

ಪಾಸಾತು. ಆದ್ರ ಹೆಜ್ಜಿ ಎತ್ತವಲ್ಲಳು.
ಲಗಾಮು ಎಳದೆ, ಹಿಮ್ಮಡಿ ತಟ್ಟಿದೆ, ಬೈದೆ,
ಮೌಲಾಸಾಬನ ಆಣಿ ಹಾಕಿದೆ.
ಆಕಿ ಲೆಕ್ಕದಾಗ ಮಂಟಪ ಬಂದ ಮ್ಯಾಲೆ ದಾರಿ ಇಲ್ಲ,
ಇನ್ನೇನಿದ್ರೂ ಕಡಲಿ ಬರಬೇಕು.
ಬೀಗರ ಪೈಕಿ ಯಾರೋ ಬುಂದಿಲಾಡು ತಂದ್ರು. ತಿಂದ್ಲು.
ಮದುಮಗ ಬಂದದ್ದು ಹೂವು ಹಚ್ಚಿದ ಕಾರಿನ್ಯಾಗ.
ಆ ಕಾರನ್ನ ಆಕಿ ಬಾಳ ಹೊತ್ತು ನೋಡಿದ್ಲು.

ಕಡೀಕ ನಾ ಇಳದು ಮುಂದ ನಡದೆ,
ಹಗ್ಗ ಸಡಿಲ ಬಿಟ್ಟು, ಹಿಂದ ನೋಡದ.
ಸ್ವಲ್ಪ ಹೊತ್ತಿನ ಮ್ಯಾಲೆ ಭುಜಕ್ಕ
ಬಿಸಿ ಉಸಿರು, ಲಾಡಿನ ವಾಸನಿ.

ಗದಗಕ್ಕ ಇನ್ನೂ ಆರು ಸ್ಟೇಜು.
ಟೈಮು ಪಾಪನಾಶಿಯ ಈಚಿಗೇ ಮುಗದಿತ್ತು,
ಅಲ್ಲಿ ಟೇಬಲ್ಲು ಮಡಚಿರತಾರ, ಹಾರ ಹಂಚಿರತಾರ.
ಬೂಟು ಕಚ್ಚತಿತ್ತು. ತಗದು ಜೀನಿಗೆ ಕಟ್ಟಿದೆ.
ಹಗಲಿನ ಕಾವು ಡಾಂಬರಿನ್ಯಾಗ ಇನ್ನೂ ಇತ್ತು,
ಬರಿಗಾಲಿಗೆ ಹಿತ ಅನಿಸಿತು.
ಕತ್ತಲಾಗ ನನ್ನ ಹೆಜ್ಜಿ ಎರಡು, ಆಕೀವು ನಾಕು,
ಎಣಿಸಲಿಕ್ಕೆ ಹೋಗಿ ಬಿಟ್ಟುಬಿಟ್ಟೆ.

ಹಿಂದಿನಿಂದ ಲೈಟು. ನಮ್ಮದೇ ಕಡೀ ಗಾಡಿ.
ಡ್ರೈವರ್ ಚೆನ್ನಬಸ್ಯಾ ಬ್ರೇಕು ಒತ್ತಿ,
ತಲಿ ಹೊರಗ ಹಾಕಿ,
"ಅಕ್ಕಾ, ಹತ್ತು. ಸೀಟು ಖಾಲಿ ಅದಾವ."

ಇಬ್ಬರದೀವಲ್ಲೋ, ಅಂದೆ.