ಹದಿನೈದು ಸೆಕೆಂಡು

ಪರದೆ ಕಪ್ಪಾಗುತ್ತದೆ, ಕೋಣೆಯೂ.
ಟೀವಿ ಸತ್ತೇಹೋಯಿತೇನೋ ಅನ್ನುವಷ್ಟರಲ್ಲಿ
ನೀಲಿಯ ಮೇಲೆ ಸಣ್ಣಕ್ಷರದ ಪ್ರಶ್ನೆ:
ಈ ಚಿತ್ರ ನಿಮಗೆ ಕಾಣುತ್ತಿದೆಯೇ?
ಹೌದು ಅನ್ನದೆ ಹೋದರೆ ಹದಿನೈದು ಸೆಕೆಂಡಿಗೆ
ಹಳೆಯದಕ್ಕೇ ಮರಳುವುದು.

ಹದಿನಾಲ್ಕು. ಹದಿಮೂರು.
"ಕಾಣ್ತಿದೆ ಅಂತ ಒತ್ಲಾ ಅಕ್ಕ?"
ನೋಡುವವನು ನೀನು, ಕೇಳುವುದು ನನ್ನನ್ನ.

ದುರ್ಗಿಗುಡಿಯಲ್ಲಿ, ಪದ್ಮರಾಜರ ಕನ್ನಡಕದಂಗಡಿಯಲ್ಲಿ
ಬೆಳಗಿಂದ ಸಂಜೆವರೆಗೆ ನನ್ನ ಕೆಲಸವೂ ಇದೇ.
ಮೂಗಿನ ಮೇಲೆ ಚೌಕಟ್ಟು ಕೂರಿಸಿ
ಗಾಜು ಸಿಕ್ಕಿಸಿ, ತೆಗೆದು, ಇನ್ನೊಂದು ಸಿಕ್ಕಿಸಿ,
ಇದು ಚೆನ್ನಾಗಿದೆಯಾ? ಇದಾ?
ಮೊದಲಿನದಾ?
ಒಬ್ಬ ಮೇಷ್ಟ್ರು ರೇಗಿ ಕೇಳಿದ್ದರು,
"ಕಡಿಮೆ ರೇಟಿಂದು ಯಾವುದು, ಅದರಲ್ಲೇ ಕಾಣುತ್ತೆ ಬಿಡಿ."

ಪೆಟ್ಟಿಗೆ ಹಾಸ್ಟೆಲ್ ಹುಡುಗನೊಬ್ಬನದು.
ಕೊನೇ ಪರೀಕ್ಷೆ ಬರೆದು ಊರಿಗೆ ಹೊರಟವನು
ಹದಿನಾರು ಸಾವಿರಕ್ಕೆ ಲೋಹಿಗೆ ಕೊಟ್ಟದ್ದು.
ಟೀವಿ ಅಮ್ಮ ಎತ್ತಿದ ಚೀಟಿಯ ದುಡ್ಡಿನದು,
ಡಬ್ಬದಿಂದ ಫೋರ್ ಕೆ ಅನ್ನುವ ಚಿನ್ನದಕ್ಷರವಷ್ಟನ್ನೇ ಕತ್ತರಿಸಿ
ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಾನೆ.

ಫೋರ್ ಕೆ ಇಟ್ಟರೆ
ರಸ್ತೆಯಂಚಿನ ಜರಿಗಿಡದ ಎಲೆ ಎಲೆಗೂ ಬೇರೆ ಬಿಸಿಲು,
ಮುಂದಿನ ಕಾರಿನ ನಂಬರ್ ಪ್ಲೇಟಿನ ಸ್ಕ್ರೂ ಸಹ ಎಣಿಸಬಹುದು.
ತಿರುವು ಬಂತೋ, ಸೆಕೆಂಡಿಗೆ ಮೂವತ್ತೇ ಚಿತ್ರ,
ದಾರಿ ಕುಂಟುತ್ತದೆ,
ಪೆಟ್ಟಿಗೆ ನಮ್ಮ ಮಿಕ್ಸಿಯ ಹಾಗೆ ಬೊಬ್ಬೆ ಹೊಡೆಯುತ್ತದೆ.
ಸಾವಿರದ ಎಂಬತ್ತಕ್ಕೆ ಇಳಿಸಿದರೆ
ಜರಿಗಿಡವೆಲ್ಲ ರುಬ್ಬಿದ ಹಸಿರು ಚಟ್ನಿ,
ಚಿತ್ರ ಅರವತ್ತು,
ಕಾರು ಎಣ್ಣೆ ಸವರಿದ ಹಾಗೆ ಜಾರುತ್ತದೆ.

ಏಳಡಿ ದೂರ, ನಲವತ್ತಮೂರು ಇಂಚು,
ಇಲ್ಲಿಂದ ಇವೆರಡರ ವ್ಯತ್ಯಾಸ ಹೇಳಬಲ್ಲ ಕಣ್ಣಿನವರು
ನಮ್ಮ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ, ಅಂದೆ.
"ಹೋಗೇ ಮಾರಾಯ್ತಿ. ಫೋರ್ ಕೆ ತಗೊಂಡು ಅರ್ಧ ನೋಡೋದಾ?
ಲಾರಿ ಚಾಸಿಗೆ ಆಟೋ ಬಾಡಿ ಕಟ್ಟಿದ ಹಾಗೆ."
ಆಟೋ ಕಾಂಪ್ಲೆಕ್ಸಿನಲ್ಲಿ ಬಾಡಿಗೆ ವೆಲ್ಡಿಂಗ್ ಮಾಡುವವನ ಮಾತು.

ಸರಿ, ಆಡು.

ಆಡಿದ. ಎಡಗೋಡೆಗೆ ಗುದ್ದಿದ.
ಮತ್ತೆ ಎಡಗೋಡೆ.
"ಕಂಟ್ರೋಲರಿನ ಕಡ್ಡಿ ತಾನೇ ಎಡಕ್ಕೆ ವಾಲುತ್ತೆ."
ಇನ್ನೊಂದನ್ನು ಕೊಟ್ಟೆ. ಎಡಗೋಡೆ.
ಸಾವಿರದ ಎಂಬತ್ತರಲ್ಲೂ ಅದೇ ಗೋಡೆ.
ಆಗ ನೋಡಿದೆ, ಅವನು ಕೂತ ರೀತಿ:
ಕುತ್ತಿಗೆ ಓರೆ, ಮೂಗು ಕಿಟಕಿಯ ಕಡೆ,
ಬಲಗಣ್ಣೊಂದೇ ಟೀವಿಯ ಕಡೆ.
ಬೀಗದ ತೂತಿನಿಂದ ಇಣುಕುವವರು ಹಾಗೆ.

ಅಡುಗೆಮನೆಯಿಂದ ಸೌಟು ತಂದು
ಬಲಗಣ್ಣಿಗೆ ಅಡ್ಡ ಹಿಡಿದೆ.
ನಗುತ್ತಲೇ ಇದ್ದ.
ಸೆಟ್ಟಿಂಗಿಗೆ ಹೋಗಿ ಫೋರ್ ಕೆ ಒತ್ತಿದೆ. ಕಪ್ಪು, ಆಮೇಲೆ ನೀಲಿ.
ಸೆಕೆಂಡು ಓದುತ್ತಾ ಬಾ.
"ಹದಿನಾಲ್ಕು. ಹದಿಮೂರು. ಹನ್ನೆರಡು."
ಒಂಬತ್ತಕ್ಕೆ ನಾನು ಸುಮ್ಮನೆ ಬೇಡ ಅನ್ನುವ ಗುಂಡಿ ಒತ್ತಿದೆ.
ಪ್ರಶ್ನೆ ಹೋಯಿತು, ಹಳೆಯ ಪಟ್ಟಿ ಬಂತು,
ಅದೂ ನೀಲಿಯೇ.
"ಎಂಟು," ಅಂದ. "ಏಳು. ಆರು."

ತಡೆಯಲಿಲ್ಲ ನಾನು. ಸೊನ್ನೆವರೆಗೂ ಎಣಿಸಿದ.
ಆಮೇಲೆ ನನ್ನ ಮೌನಕ್ಕೆ ಅವನ ನಗು ನಿಂತಿತು.

ಯಾವಾಗಿಂದ?
"ದೀಪಾವಳಿಗೆ ಮುಂಚೆ. ಟಿಪ್ಪರ್ ಬಾಡಿ ಅರ್ಜೆಂಟಿತ್ತು,
ಶೀಲ್ಡು ತಮ್ಮಣ್ಣನ ಹತ್ತಿರ ಇತ್ತು.
ಅಮ್ಮನಿಗೆ ಹೇಳಬೇಡ."

ಮೂರು ತಿಂಗಳು
ದಿನಕ್ಕೆ ಮೂವತ್ತು ಜನರ ಕಣ್ಣು ನೋಡಿ ಬಂದು
ಇದೇ ಮಂಚದ ಮೇಲೆ ಇವನ ಎಡಕ್ಕೇ ಕೂತು ಊಟ ಮಾಡಿದ್ದೇನೆ.

ಮಂಗಳವಾರ ಮೆಗ್ಗಾನ್ ಆಸ್ಪತ್ರೆ,
ಇದು ನಮ್ಮ ಅಂಗಡಿಯ ಗಾಜಿಗೆ ಬಗ್ಗುವಂಥದ್ದಲ್ಲ, ಅಂದೆ.
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಸಾವಿರದ ಎಂಬತ್ತು, ಅರವತ್ತು ಚಿತ್ರ.
ಈ ಸಲ ತಾನೇ ಇಟ್ಟ, ತಾನೇ ಹೌದು ಒತ್ತಿದ.
ಗೋಡೆಯ ಚಿನ್ನದಕ್ಷರ ಫ್ಯಾನಿನ ಗಾಳಿಗೆ
ಒಂದು ಮೂಲೆ ಬಿಟ್ಟುಕೊಂಡು ಪಟಪಟ ಅನ್ನುತ್ತಿತ್ತು.

ಇನ್ನೊಂದು ರೇಸಿಗೆ ಕೂತ.
ನಾನು ಏಳಲಿಲ್ಲ.
ಹುಲಿಕಲ್ ಘಾಟಿ ಇಳಿಯುವ ಲಾರಿಯ ಎಡಬಾಗಿಲಿಗೆ
ಜೋತುಬಿದ್ದ ಕ್ಲೀನರಿನ ಹಾಗೆ,
ಬರಲಿ, ಬರಲಿ, ಎಡಕ್ಕೆ ಗೋಡೆ,
ಸ್ವಲ್ಪ ಬಲಕ್ಕೆ,
ಇನ್ನೂ ಬಲಕ್ಕೆ, ರೈಟ್,
ಬರಲಿ.