ನಾಲ್ಕನೇ ಮೆಷಿನ್ನಿನ ಎದುರು

ಮೀನಿನ ಟ್ಯಾಂಕು ನಮ್ಮ ಡಯಾಲಿಸಿಸ್ ವಾರ್ಡಿಗೆ ಬಂದದ್ದು
ಯಾರದೋ ನೆನಪಿಗೆ. ಸ್ಟಿಕ್ಕರಿನಲ್ಲಿ ಹೆಸರು ಅಳಿಸಿ
‘ಸ್ಮರಣಾರ್ಥ’ ಒಂದೇ ಉಳಿದಿದೆ.
ನಾಲ್ಕಡಿ ಗಾಜು, ಒಂಬತ್ತು ಗೌರಾಮಿ,
ಮುಳುಗಿದ ಒಂದು ಪ್ಲಾಸ್ಟಿಕ್ ಹಡಗು.

ಮೂಲೆಯಲ್ಲಿ ಪಂಪು ಗುರ್ರೆನ್ನುತ್ತಿತ್ತು.
ನೀರು ಪಿಚಕಾರಿಯ ಹಾಗೆ ಚಿಮ್ಮಿ
ಎದುರಿನ ಗಾಜಿಗೆ ಬಡಿದು ಅಲ್ಲೇ ಸುಸ್ತಾಗುತ್ತಿತ್ತು.
ಹಡಗಿನ ಹಿಂದೆ ಮಾತ್ರ ಅಲುಗಾಟವಿಲ್ಲ.
ತಿನ್ನದೆ ಬಿದ್ದ ಕಾಳಿಗೆ ಅಲ್ಲಿ ಹತ್ತಿಯಂಥ ಬೂಸಲು.

ದೂಮಣ್ಣನ ಪಾಳಿ ಮಂಗಳವಾರ, ಶುಕ್ರವಾರ.
ಬೆಂಗ್ರೆಯಿಂದ ಮೊದಲ ಫೆರಿ, ಬಂದರಿನಿಂದ ರಿಕ್ಷಾ,
ಏಳಕ್ಕೆಲ್ಲ ಚಪ್ಪಲಿ ಬಿಚ್ಚಿ ತೂಕದ ಯಂತ್ರದ ಮೇಲೆ
ನಮ್ಮಲ್ಲಿ ಪಾಪನಿವೇದನೆಗೆ ನಿಂತವರ ಹಾಗೆ ನಿಲ್ಲುತ್ತಾರೆ.
ಮೂರು ಕಿಲೋ ಇನ್ನೂರು ಗ್ರಾಂ ಜಾಸ್ತಿ.
“ಎಂತ ಕುಡಿದಿರಿ?”
“ನೀರು” ಎನ್ನುತ್ತಾರೆ, ಕಂಟ್ರಿ ಸಾರಾಯಿ ಎಂದ ಹಾಗೆ.

ದಿನಕ್ಕೆ ಮುಕ್ಕಾಲು ಲೀಟರು ಅವರಿಗೆ ಬರೆದದ್ದು.
ಗಂಜಿಯ ತೆಳಿ ಅದರಲ್ಲೇ, ಚಾ ಅದರಲ್ಲೇ,
ಮಾತ್ರೆ ನುಂಗುವುದೂ ಅದರಲ್ಲೇ.
ಮೂವತ್ತೊಂದು ವರ್ಷ ಟ್ರಾಲ್‌ಬೋಟಿನ ಇಂಜಿನ್ ನೋಡಿದವರು
ಎಡಗೈಗೆ ಎರಡು ಸೂಜಿ ಚುಚ್ಚಿಸಿಕೊಂಡು
ಇನ್ನೂರು ಲೀಟರು ನೀರಿನ ಎದುರು
ನಾಲ್ಕು ಗಂಟೆ ಮಲಗುತ್ತಾರೆ.

“ನಿಮ್ಮ ಪಂಪಿಗೆ ಜೋರು ಉಂಟು ಬಾಯಮ್ಮ, ಬುದ್ಧಿ ಇಲ್ಲ,”
ಎಂದರು ಒಂದು ದಿನ.
“ಸಪೂರ ಬಾಯಲ್ಲಿ ದೂಡಿದರೆ ನೀರು ಓಡ್ತದೆ, ಸುತ್ತುವುದಿಲ್ಲ.
ಹೂಳು ತುಂಬಿದ ಅಳಿವೆ ನೋಡಿದ್ದೀರಲ್ಲ?
ಬಾಯಿ ಅಗಲ ಮಾಡ್ಬೇಕು. ಎಲೆ ಬದಲಿಸ್ಬೇಕು.”

ನಾನು ರಕ್ತದ ಪಂಪಿನವಳು.
ನಿಮಿಷಕ್ಕೆ ಇನ್ನೂರೈವತ್ತು ಎಂಎಲ್,
ಡಾಕ್ಟರು ಹೇಳದೆ ಗುಂಡಿ ಮುಟ್ಟುವವಳಲ್ಲ.
ಮೀನಿನ ಪಂಪಿಗೆ ಡಾಕ್ಟರಿಲ್ಲ.
ಶುಕ್ರವಾರ ಬಿಚ್ಚಿ, ಅವರದೇ ಬೈರಾಸಿನಲ್ಲಿ ಸುತ್ತಿ ಕೊಟ್ಟೆ.
ಮೀನುಗಳಿಗೆ ನಾಲ್ಕು ದಿನ ಬರೀ ಗಾಳಿಯ ಕಲ್ಲು.

ಮಂಗಳವಾರ ಬಂತು. ಮೂತಿ ಹ್ಯಾಕ್ಸಾ ಬ್ಲೇಡಿಗೆ ಹೋಗಿದೆ,
ಅಂಚು ಉಜ್ಜಿ ಉಜ್ಜಿ ಕೆನ್ನೆಯಷ್ಟು ನುಣುಪು.
ನೆಟ್ಟಗಿನ ಹಳೇ ಎಲೆ ಕಿತ್ತು
ಅಯಸ್ಕಾಂತದ ತುದಿಗೆ ಅಂಟಿಸಿದ್ದಾರೆ
ಮೊಮ್ಮಗಳ ಆಟದ ಬೋಟಿನ ಮೂರೆಲೆಯ ಪಂಕ.
“ಮಗು ಅಳಲಿಲ್ಲವಾ?”
“ಇನ್ನೂ ಗೊತ್ತಾಗಿಲ್ಲ.”

ಎಡಗೈ ನೀರಿಗೆ ಬೇಡ ಎಂದು ಗದರಿದೆ.
ಬಲಗೈಯನ್ನು ಕಂಕುಳವರೆಗೆ ಇಳಿಸಿ ಕೂರಿಸಿದರು.
ಕೂತ ಮೇಲೂ ಕೈ ತೆಗೆಯಲಿಲ್ಲ, ತುಸು ಹೊತ್ತು.
ನಾನು ಗೋಡೆಯ ಗಡಿಯಾರ ನೋಡಿದೆ.

ಸ್ವಿಚ್ಚು ಹಾಕಿದಾಗ ಚಿಮ್ಮಲಿಲ್ಲ ಏನೂ.
ಇಡೀ ಟ್ಯಾಂಕು ಮಗ್ಗುಲು ಬದಲಿಸಿತು.
ಹಡಗಿನ ಹಿಂದಿನ ಬೂಸಲು ಎದ್ದು ನಡುನೀರಿಗೆ ಬಂತು,
ಗೌರಾಮಿಗಳು ಮೊದಲ ಸಲ
ಒಂದೇ ಕಡೆಗೆ ಮುಖ ಮಾಡಿ ಈಜಿದವು.

ಒಂದು ದೋಷ ಉಳಿಯಿತು.
ನೆಟ್ಟಗಿನ ಎಲೆಗೆ ದಿಕ್ಕಿನ ಹಂಗಿರಲಿಲ್ಲ, ಓರೆ ಎಲೆಗೆ ಉಂಟು.
ಆ ಗಿಡ್ಡ ಮೋಟರಿಗೋ ಮರೆವು:
ಕರೆಂಟು ಹೋಗಿ ಬಂದರೆ ಎತ್ತ ತಿರುಗುತ್ತಿದ್ದೆನೆಂದು ನೆನಪಿಲ್ಲ.
ಒಮ್ಮೆ ಹಿಂದಕ್ಕೆ ಹೊರಟು ಹಡಗಿನ ಬಾವುಟ ನುಂಗಿ ನಿಂತಿತು.
ದೂಮಣ್ಣ ಪೆನ್ನಿನ ಕ್ಲಿಪ್ಪು ಮುರಿದು ತಡೆ ಇಟ್ಟರು.
ಹತ್ತಕ್ಕೆ ಏಳು ಸಲ ಸರಿ.

ಇವತ್ತು ಹತ್ತೂಇಪ್ಪತ್ತಕ್ಕೆ ಕರೆಂಟು ಹೋಯಿತು.
ನಾಲ್ಕನೆಯದರ ಬ್ಯಾಟರಿ ಸತ್ತು ವರ್ಷವಾಯಿತು.
ಹಿಡಿಕೆ ಸಿಕ್ಕಿಸಿ, ಬಾಣದ ಗುರುತಿನ ಕಡೆಗೆ
ಅವರ ರಕ್ತವನ್ನು ನಾನೇ ಸುತ್ತುತ್ತಿದ್ದೇನೆ,
ಹಿಟ್ಟು ಬೀಸಿದ ಹಾಗೆ, ಅವಸರವಿಲ್ಲದೆ.
ವಾರ್ಡಿನಲ್ಲಿ ಫ್ಯಾನಿಲ್ಲ, ಗುರ್ರಿಲ್ಲ.
ಮೀನುಗಳು ನಿಂತಲ್ಲೇ ಕಿವಿರು ಆಡಿಸುತ್ತಿವೆ.

ದೂಮಣ್ಣ ನನ್ನ ಕೈ ನೋಡುತ್ತಿಲ್ಲ.
“ನೀವು ಸರಿ ಕಡೆಗೇ ಸುತ್ತುತ್ತೀರಿ, ಬಾಯಮ್ಮ.
ಅದು ಎತ್ತ ಹೊರಡ್ತದೆ ನೋಡುವ.”

ಕೆಳಗೆ ಜನರೇಟರು ಒಮ್ಮೆ ಕೆಮ್ಮಿತು.