ಅಂಟು

ರಾತ್ರಿ ಹನ್ನೊಂದಾದ ಮೇಲೆ ಡಿಪೋ ನಮ್ಮದು.
ಬಸ್ಸುಗಳು ಡೀಸೆಲ್ ಕುಡಿದು ಸಾಲಾಗಿ ನಿಂತಿರುತ್ತವೆ.
ಬಿಸಿಗಾಳಿಯ ಗನ್ನು, ಬ್ಲೇಡು, ಒಂದು ಬಾಟಲಿ ಸೀಮೆಎಣ್ಣೆ ಹಿಡಿದು
ಹಗಲೆಲ್ಲ ಊರು ಓದಿದ್ದನ್ನು ಕಿತ್ತು ಹಾಕುತ್ತೇನೆ.
ಚದರಡಿಗೆ ಎರಡು ರೂಪಾಯಿ.
ಯಾವ ಮಾತಾದರೂ ಅದೇ ರೇಟು.

ಕೂದಲು ಬೆಳೆಸುವ ಎಣ್ಣೆ, ಮೂರು ವಾರದಲ್ಲಿ ಇಂಗ್ಲಿಷು,
ಏಲಕ್ಕಿ ಅಂತ ಹೇಳಿ ಇನ್ನೇನೋ ಮಾರುವವನ ನಗು,
ದೇವನಹಳ್ಳಿಯಾಚೆ ಬಂಡೆಯ ಮೇಲೊಂದು ಸೈಟು.
ಇವುಗಳಿಂದ ಯಾರ ಭಾವನೆಗೂ ನೋವಾದದ್ದು ಕಾಣೆ.
ತಿಂಗಳು ಮುಗಿದರೆ ಇಳಿಯುತ್ತವೆ, ಅಷ್ಟೆ.

ಇದು ನಾಲ್ಕನೇ ದಿನಕ್ಕೇ ಇಳಿಯಬೇಕಂತೆ.
ಬಸ್ಸಿನ ಬೆನ್ನ ಮೇಲೆ ಹಳದಿ ಹಾಳೆ, ಬೀಗದಕೈ ಚಿತ್ರ,
ಕೆಳಗೆ ಎರಡು ಸಾಲು:

    ಮನೆ ಬಾಡಿಗೆಗೆ ಇದೆ ಅಂದ್ರಿ.
    ಒಲೆ ಮೇಲೆ ಏನಿದೆ ಅಂತ ಯಾಕೆ ಕೇಳಿದ್ರಿ?

ಬೈಗುಳವಿಲ್ಲ. ಯಾರ ಹೆಸರೂ ಇಲ್ಲ.
ಬನಶಂಕರಿಯಲ್ಲಿ ಯಾರೋ ಬಸ್ಸು ತಡೆದರಂತೆ,
ಆಮೇಲೆ ಕಚೇರಿಯಿಂದ ಕಾಗದ:
‘ಸಾರ್ವಜನಿಕರ ಭಾವನೆಗೆ ಧಕ್ಕೆ. ಕೂಡಲೇ ತೆರವುಗೊಳಿಸುವುದು.’
ರೇವಣ್ಣ ಮೇಸ್ತ್ರಿ ಓದಿ, ಮಡಚಿ, ಜೇಬಿಗಿಟ್ಟ.
‘ಸಾರ್ವಜನಿಕರು ಅಂದ್ರೆ ಯಾರಣ್ಣ?’
‘ನೀನಲ್ಲ. ಕೆಲಸ ನೋಡು.’

ಸುಳ್ಳು ಹೇಳಲಾರೆ, ಹೋದ ವರ್ಷ ಇನ್ನೊಂದಿತ್ತು.
ಗಾಜಿನ ಕಟ್ಟಡ, ಈಜುಕೊಳ, ಅದರ ಮೇಲೆ
ಬಿಡಿಬಿಡಿ ಅಕ್ಷರ ಕತ್ತರಿಸಿ ಅಂಟಿಸಿದ್ದರು:
‘ಜೋಪಡಿ ಹೋಗಲಿ, ನಗರ ಹೊಳೆಯಲಿ.’
ನಮ್ಮ ಓಣಿಯ ಮುಂದೆಯೇ ದಿನಕ್ಕೆ ಆರು ಸಲ ಹಾಯುತ್ತಿತ್ತು.
ಅವರ ಗಡುವಿಗೆ ಇನ್ನೂ ಎರಡು ದಿನವಿತ್ತು,
ಯಾವ ಕಾಗದವೂ ಬಂದಿರಲಿಲ್ಲ.
ನಾನು ಕಾಯಲಿಲ್ಲ.
ಬಿಸಿ ಮಾಡದೆ, ಉಗುರಲ್ಲೇ, ಪರಪರ,
ಹಬ್ಬದ ಬೆಳಿಗ್ಗೆ ಕೋಳಿಯ ಪುಕ್ಕ ತರಿದ ಹಾಗೆ.
ಅವತ್ತು ಚಹಾ ರುಚಿಯಾಗಿತ್ತು.

ಆದರೆ ಅಂಟು ಉಳಿದಿತ್ತು.
ಮೈಸೂರು ರಸ್ತೆಯ ಧೂಳೆಲ್ಲ ಅದರ ಮೇಲೆ ಕೂತು
ವಾರದೊಳಗೆ ಅಕ್ಷರಗಳು ಕಪ್ಪಗೆ ಎದ್ದು ಬಂದವು,
ಮೊದಲಿಗಿಂತ ದಪ್ಪ.
ನನ್ನ ಮಗಳು ಕೂಡಿಸಿ ಕೂಡಿಸಿ ಓದಿದಳು: ಜೋ, ಪ, ಡಿ.
ಎದುರು ಮಾತು ಬರೆಯೋಣವೆಂದರೆ
ನನಗೊಂದು ಬಸ್ಸಿರಲಿಲ್ಲ.

ಈ ರಾತ್ರಿ ಗೇಟಿನ ಹತ್ತಿರ ಒಬ್ಬಳು ನಿಂತಿದ್ದಳು, ಜಯಶೀಲಿ ಅಂತೆ,
ಗಾರ್ಮೆಂಟ್ಸಿನ ಐಡಿ ಇನ್ನೂ ಕೊರಳಲ್ಲಿ.
‘ಇಪ್ಪತ್ತಾರು ಮನೆ ಚಂದಾ ಎತ್ತಿ ಹಾಕಿಸಿದ್ವಿ ಅಣ್ಣ.
ಮಾತು ಬೇಡ್ವಾ, ಹೋಗ್ಲಿ. ಹಾಳೆನಾದ್ರೂ ಕೊಡಿ.
ನಮ್ಮ ಶೀಟು ಸೋರ್ತದೆ.’

ಒಂದು ಗಂಟೆ ಹಿಡಿಯಿತು.
ಮೂಲೆಯಿಂದ ಶುರು ಮಾಡಿ, ಬಿಸಿ ಕೊಟ್ಟು, ಕಾದು, ಎಳೆದು,
ಸುಟ್ಟ ಮೈಗೆ ಅಂಟಿದ ಬಟ್ಟೆ ಬಿಡಿಸುವ ದಾದಿಯ ಹಾಗೆ.
ಇಷ್ಟು ವರ್ಷದಲ್ಲಿ ಒಂದು ಹಾಳೆಯೂ
ನನ್ನ ಕೈಯಲ್ಲಿ ಇಡಿಯಾಗಿ ಇಳಿದದ್ದಿಲ್ಲ.
ಒಳಗೆ ಡ್ರೈವರ್ ಸೀಟಿನ ಹಿಂದೆ ಎಂದಿನ ಬರಹ:
ಚಾಲಕರೊಡನೆ ಮಾತನಾಡಬೇಡಿ.

‘ಹಿಂದೆಲ್ಲ ಅಂಟಿದೆ, ನೋಡಿಕೊಂಡು ಹಿಡೀರಿ,’ ಅಂದೆ.
‘ನಮಗೆ ಅಂಟು ಹೊಸದಾ?’ ಅಂದಳು,
ಸುತ್ತಿ, ಚಾಪೆಯ ಹಾಗೆ ಬಗಲಿಗೇರಿಸಿ ಹೋದಳು.
ರೇವಣ್ಣ ನೋಡಿದ. ನೋಡದ ಹಾಗೆ ಬೀಡಿ ಹಚ್ಚಿದ.

ಮೊನ್ನೆ ಮೆಜೆಸ್ಟಿಕ್ಕಿಗೆ ಮೆಟ್ರೋ ಹತ್ತಿದ್ದೆ.
ಮಾಗಡಿ ರಸ್ತೆ ದಾಟಿ, ಸುರಂಗಕ್ಕೆ ಇಳಿಯುವ ಮುಂಚೆ
ಎಡಗಡೆ ಶೀಟಿನ ಸೂರುಗಳು, ನೀಲಿ ಟಾರ್ಪಾಲು, ಒಣಗಿದ ಮೆಣಸಿನಕಾಯಿ,
ನಡುವೆ ಒಂದು ಹಳದಿ.
ಗಾಳಿಗೆ ಹಾರದಿರಲೆಂದು ಹಳೇ ಟೈರು ಹೇರಿದ್ದರು.
ಟೈರಿನಡಿ ಅರ್ಧ ಮಾತು ಮುಚ್ಚಿಹೋಗಿ
ಕಂಡದ್ದು ಇಷ್ಟೇ:

    ಯಾಕೆ ಕೇಳಿ

ಬೇಕೆಂದೇ ಇಟ್ಟಳೋ, ಟೈರು ಬಿದ್ದದ್ದೇ ಹಾಗೋ.
ನನ್ನ ಪಕ್ಕ ನಿಂತಿದ್ದವರೂ ಕತ್ತು ತಿರುಗಿಸಿದರು.
ಅಷ್ಟರಲ್ಲಿ ಕತ್ತಲಾಯಿತು, ಕಿಟಕಿಯಲ್ಲಿ ನಮ್ಮ ಮುಖಗಳು ಬಂದವು.